ತುರ್ಕಿಯ ಮೂಲೆಯಿಂದ ಬರ್ಲಿನ್‌ವರೆಗೆ: ಒಂದು ಡಿಪ್ಲೊಮಸಿ ಆಟದ ಅನುಭವ

ಆಷಾಢದ ಮೊದಲ ವಾರದಲ್ಲಿ ಆರಂಭವಾದ ಡಿಪ್ಲೊಮಸಿ ಎಂಬ ಬೋರ್ಡ್ ಆಟವೊಂದು ನವರಾತ್ರಿಗೆ ತುಸು ಮೊದಲು ಮುಗಿದಿದೆ. ಏಳು ಜನರ ಈ ಆಟದಲ್ಲಿ ನನ್ನ ಪಾಲಿಗೆ ಬಂದದ್ದು ತುರ್ಕಿ. ಆಡುವ ಮೊದಲು ನಿಯಮಪುಸ್ತಕವನ್ನೂ ಆರಂಭದ ನಡೆಗಳ ಬಗೆಗಿನ ಹಲವು ಬರಹಗಳನ್ನೂ ಓದಿಕೊಂಡಿದ್ದೆ. ಆದರೆ ಮಿತ್ರನೊಬ್ಬನನ್ನು ಎಲ್ಲಿಯವರೆಗೆ ಮಿತ್ರನಾಗಿ ಉಳಿಸಿಕೊಳ್ಳಬೇಕು, ನಾವು ಮುಂದಿದ್ದೇವೆ ಎಂಬುದು ಯಾವ ಹಂತದಲ್ಲಿ ಉಳಿದವರ ಕಣ್ಣಿಗೆ ಬಿದ್ದರೆ ಅಪಾಯವಿಲ್ಲ ಎಂಬ ಎರಡು ಸಂಗತಿಗಳು ಅವುಗಳಿಂದ ನನಗೆ ಸ್ಪಷ್ಟವಾಗಿರಲಿಲ್ಲ. ಇಂಥ ದೀರ್ಘ ಆಟಕ್ಕೆ ಮೊದಲ ಬಾರಿ ಹೆಸರು ಕೊಡುವವರಿಗೆ ಉಪಯೋಗವಾದೀತೆಂದು, ನೆನಪು ಹಸಿಯಾಗಿರುವಾಗಲೇ, ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ತಿಳಿದಿದ್ದರೆ ಸಾಕು. ಅಮೆರಿಕದ ಅಲನ್ ಕ್ಯಾಲಮರ್ 1954ರಲ್ಲಿ ರೂಪಿಸಿ, 1959ರಲ್ಲಿ ತಾವೇ 500 ಪ್ರತಿ ಹೊರತಂದ ಈ ಆಟದಲ್ಲಿ ದಾಳವಿಲ್ಲ, ಇಸ್ಪೀಟೆಲೆಗಳಿಲ್ಲ. ಯಾರಿಗೆ ಯಾವ ದೇಶ ಎಂದು ಚೀಟಿ ಎತ್ತುವುದೊಂದನ್ನು ಬಿಟ್ಟರೆ ಅದೃಷ್ಟಕ್ಕೆ ಅಲ್ಲಿ ಕೆಲಸವಿಲ್ಲ. 1901ರ ಯುರೋಪಿನ ನಕ್ಷೆಯ ಮೇಲೆ ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯಾ, ರಷ್ಯಾ, ತುರ್ಕಿ ಎಂಬ ಏಳು ಶಕ್ತಿಗಳಿವೆ. ನಕ್ಷೆಯಲ್ಲಿ ಒಟ್ಟು 34 ಸಪ್ಲೈ ಸೆಂಟರ್‌ಗಳಿದ್ದು, ಎಷ್ಟು ಕೇಂದ್ರಗಳೋ ಅಷ್ಟೇ ಪಡೆಗಳನ್ನು ಇಟ್ಟುಕೊಳ್ಳಬಹುದು. 18 ಹಿಡಿದವರು ಒಂಟಿಯಾಗಿ ಗೆದ್ದಂತೆ. ವರ್ಷಕ್ಕೆ ವಸಂತ ಮತ್ತು ಶರತ್ಕಾಲ ಎಂಬ ಎರಡು ಸರದಿ. ಎಲ್ಲರೂ ಗುಟ್ಟಾಗಿ ಬರೆದ ಆದೇಶಗಳು ಒಂದೇ ಕ್ಷಣದಲ್ಲಿ ಬಯಲಾಗುತ್ತವೆ. ಪ್ರತಿಯೊಂದು ಪಡೆಯ ಬಲವೂ ಸಮ. ಆದ್ದರಿಂದ ಪಕ್ಕದ ಇನ್ನೊಂದು ಪಡೆಯ ಬೆಂಬಲವಿಲ್ಲದೆ ಯಾರನ್ನೂ ಯಾರೂ ಜಾಗದಿಂದ ಕದಲಿಸಲಾರರು. ಆ ಬೆಂಬಲವನ್ನು ಬೇರೆ ದೇಶದ ಪಡೆಯೂ ಕೊಡಬಹುದು. ಇಲ್ಲಿ ಮೈತ್ರಿಯೆನ್ನುವುದು ಸೌಜನ್ಯದ ಮಾತಲ್ಲ, ಲೆಕ್ಕದ ಮಾತು.

ವೆಬ್‌ಡಿಪ್ಲೊಮಸಿ, ಬ್ಯಾಕ್‌ಸ್ಟ್ಯಾಬರ್ ಮುಂತಾದ ತಾಣಗಳಲ್ಲಿ ಆಡಲು ಹಣ ಕೊಡಬೇಕಿಲ್ಲ. ಖರ್ಚಾಗುವುದು ಸಮಯ ಮತ್ತು ನಿದ್ದೆ. ನಮ್ಮ ಆಟದಲ್ಲಿ ಪ್ರತಿ ಸರದಿಗೆ ಎರಡು ದಿನ, ಚಳಿಗಾಲದ ನೇಮಕಾತಿಗೆ (ಕೇಂದ್ರಗಳ ಎಣಿಕೆಗೆ ತಕ್ಕಂತೆ ಪಡೆಗಳನ್ನು ಸೇರಿಸುವ ಅಥವಾ ತೆಗೆಯುವ ಹಂತಕ್ಕೆ) ಒಂದು ದಿನ, ಗಡುವು ಭಾರತದ ರಾತ್ರಿ ಒಂಬತ್ತು ಗಂಟೆ ಎಂದು ನಿಗದಿಯಾಗಿತ್ತು. ನಾನು ಮೈಸೂರಿನಲ್ಲಿದ್ದೆ; ರಷ್ಯಾ ಆಡುತ್ತಿದ್ದವನು ಹಾಸ್ಟೆಲಿನ ದಿನಗಳ ಗೆಳೆಯ, ಈಗ ಡಬ್ಲಿನ್‌ನಲ್ಲಿದ್ದಾನೆ; ಫ್ರಾನ್ಸ್ ನ್ಯೂಜೆರ್ಸಿಯಲ್ಲಿರುವ ಒಬ್ಬ ಇಂಜಿನಿಯರ್; ಇಟಲಿ ಧಾರವಾಡದ ಒಬ್ಬ ಉಪನ್ಯಾಸಕಿ; ಉಳಿದ ಮೂವರು ಬೆಂಗಳೂರಿನವರು. ನಮ್ಮ ರಾತ್ರಿ ಒಂಬತ್ತು ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಹನ್ನೊಂದೂವರೆ. ನಾವೆಲ್ಲ ದಿನದ ದಣಿವಿನಲ್ಲಿ ಕೊನೆಯ ಸಂದೇಶ ಬರೆಯುವಾಗ ಫ್ರಾನ್ಸ್ ಕಾಫಿ ಕುಡಿದು ಹೊಸ ಮನಸ್ಸಿನಿಂದ ಅದನ್ನು ಓದುತ್ತಿದ್ದರು. ಇದು ಸಣ್ಣ ಅನುಕೂಲವಲ್ಲ. ಗಡುವನ್ನು ಒಪ್ಪಿಕೊಳ್ಳುವ ಮುನ್ನ ಅದು ಯಾರ ಬೆಳಗು, ಯಾರ ರಾತ್ರಿ ಎಂದು ನೋಡಿಕೊಳ್ಳಿ.

ತುರ್ಕಿ ಬಂದಾಗ ಸಂತೋಷವಾಯಿತು, ಯಾಕೆಂದರೆ ಅದು ನಕ್ಷೆಯ ಮೂಲೆ; ಬೆನ್ನ ಹಿಂದೆ ಶತ್ರುವಿಲ್ಲ. ಆದರೆ ಅದೇ ಮೂಲೆಯಿಂದ ಲೆಕ್ಕ ಹಾಕಿದರೆ ಒಂದು ತೊಡಕು ಕಾಣುತ್ತದೆ. ತುರ್ಕಿಯ ಸ್ವಂತ ಮೂರು, ಬಾಲ್ಕನ್‌ನ ನಾಲ್ಕು, ಆಸ್ಟ್ರಿಯಾದ ಮೂರು, ಇಟಲಿಯ ಮೂರು, ರಷ್ಯಾದ ದಕ್ಷಿಣದ ಮೂರು ಮತ್ತು ಟ್ಯೂನಿಸ್ ಸೇರಿದರೆ 17 ಆಗುತ್ತದೆ. ಹದಿನೆಂಟನೆಯದು ಯಾವುದೇ ಇರಲಿ, ಮ್ಯೂನಿಕ್, ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್ ಅಥವಾ ಮಾರ್ಸೇ, ಅದು ನಕ್ಷೆಯನ್ನು ಓರೆಯಾಗಿ ಸೀಳುವ ಗೆರೆಯ ಆಚೆಗಿದೆ. ಆ ಗೆರೆಯ ಉದ್ದಕ್ಕೂ ಎದುರಾಳಿಗಳು ಸರಿಯಾಗಿ ನಿಂತುಬಿಟ್ಟರೆ ಎಷ್ಟು ವರ್ಷ ತಳ್ಳಿದರೂ ದಾಟಲಾಗದು. ಆಟಗಾರರು ಇದನ್ನು ಸ್ಟೇಲ್‌ಮೇಟ್ ಲೈನ್ ಎನ್ನುತ್ತಾರೆ. 17 ಕೇಂದ್ರ ಗಳಿಸಿ ಆಮೇಲೆ ಗೆರೆ ದಾಟುತ್ತೇನೆ ಎಂದು ಹೊರಟ ತುರ್ಕಿ ಡ್ರಾ ಮಾಡಿಕೊಂಡು ಮನೆಗೆ ಹೋಗುತ್ತದೆ. ಎಣಿಕೆ ಇನ್ನೂ ಚಿಕ್ಕದಾಗಿರುವಾಗಲೇ, ಯಾರೂ ಗೆರೆ ಕಾಯುವ ಯೋಚನೆ ಮಾಡದಿರುವಾಗಲೇ, ಒಂದು ಕಾಲನ್ನು ಆಚೆಗಿಡಬೇಕು. ನನ್ನ ಇಡೀ ಯೋಜನೆ ಈ ಒಂದು ಲೆಕ್ಕದ ಮೇಲೆ ನಿಂತಿತ್ತು.

ಮೊದಲ ಎರಡು ದಿನ ಬರೀ ಪತ್ರಗಳು. ಆರೂ ಜನರಿಗೆ ಬರೆದೆ. ಇಂಗ್ಲೆಂಡ್ ನನ್ನಿಂದ ಎಷ್ಟು ದೂರವಿದ್ದರೂ ಬರೆದೆ. ದೂರದವರಿಗೆ ಮೊದಲ ದಿನವೇ ಬರೆದವರ ಮಾತು ಮುಂದೆ ಬೆಲೆ ಪಡೆಯುತ್ತದೆ. ಕೆಲಸ ಬಿದ್ದಾಗ ಮಾತ್ರ ಬರೆಯುವವರ ಮಾತಿಗೆ ಆ ಬೆಲೆ ಇರುವುದಿಲ್ಲ. ರಷ್ಯಾದ ಗೆಳೆಯ ಮೊದಲ ಸಂದೇಶದಲ್ಲೇ, "ನೀನೂ ನಾನೂ ಸೇರಿದರೆ ಯಾರೂ ತಡೆಯೋಕಾಗಲ್ಲ, ಆದರೆ ಸೇರಿದ್ದು ಕಂಡರೆ ಐವರೂ ಒಟ್ಟಾಗ್ತಾರೆ" ಎಂದು ಬರೆದಿದ್ದ. ಅದು ನಿಜ. ರಷ್ಯಾ ಮತ್ತು ತುರ್ಕಿಯ ಕೂಟಕ್ಕೆ ಆಟಗಾರರಲ್ಲಿ ಜಗರ್‌ನಾಟ್ ಎಂಬ ಹೆಸರೇ ಇದೆ, ಅಷ್ಟು ಭಯ. ಆದ್ದರಿಂದ ಕಪ್ಪು ಸಮುದ್ರಕ್ಕೆ ಇಬ್ಬರೂ ಏಕಕಾಲಕ್ಕೆ ನೌಕಾಪಡೆ ಕಳಿಸಿ ಡಿಕ್ಕಿ ಹೊಡೆದು ಹಿಂದಕ್ಕೆ ಬರುವುದೆಂದು ಒಪ್ಪಿಕೊಂಡೆವು. 1901ರ ವಸಂತದ ಫಲಿತಾಂಶ ಬಂದಾಗ ಆಸ್ಟ್ರಿಯಾ ನನಗೆ ಸಾಂತ್ವನದ ಸಂದೇಶ ಕಳಿಸಿದರು. ನಾನು ರಷ್ಯಾವನ್ನು ಬೈದು ಉತ್ತರ ಬರೆದೆ.

ವರ್ಷದ ಕೊನೆಗೆ ನನ್ನ ಬಳಿ ನಾಲ್ಕು ಕೇಂದ್ರಗಳಿದ್ದವು. ರಷ್ಯಾದ ಬಳಿ ರುಮೇನಿಯಾ, ಸ್ವೀಡನ್ ಸೇರಿ ಆರು. ಎಣಿಕೆಯ ಪಟ್ಟಿಯ ತುದಿಯಲ್ಲಿ ನನ್ನ ಮಿತ್ರನ ಹೆಸರಿತ್ತು, ಅದು ಅಲ್ಲೇ ಇರಲಿ ಎಂದುಕೊಂಡೆ. 1902ರಲ್ಲಿ ಏಜಿಯನ್‌ನ ನೌಕಾಪಡೆಯ ಬೆಂಬಲದಿಂದ ಗ್ರೀಸ್, 1903ರಲ್ಲಿ ಸರ್ಬಿಯಾ ನನ್ನದಾದವು. ಅದೇ ಅವಧಿಯಲ್ಲಿ ರಷ್ಯಾ ಬುಡಾಪೆಸ್ಟ್ ಮತ್ತು ವಿಯೆನ್ನಾ ಪಡೆದು ಎಂಟಕ್ಕೇರಿತು, ಟ್ರಿಯೆಸ್ಟ್ ಇಟಲಿಯ ಪಾಲಾಯಿತು, ಆಸ್ಟ್ರಿಯಾ ಆಟದಿಂದ ಹೊರಬಿದ್ದಿತು. ಆಸ್ಟ್ರಿಯಾದ ಹಂಚಿಕೆಯಲ್ಲಿ ನಾನು ಹೆಚ್ಚು ಕೇಳಬಹುದಿತ್ತು. ಕೇಳಲಿಲ್ಲ. ಎಂಟು ಕೇಂದ್ರಗಳ ರಷ್ಯಾ ಕಂಡೊಡನೆ ಇಂಗ್ಲೆಂಡ್ ಮತ್ತು ಜರ್ಮನಿ ತಮ್ಮ ಜಗಳ ಬಿಟ್ಟು ಉತ್ತರಕ್ಕೆ ತಿರುಗಿದರು. 1904ರಲ್ಲಿ ಸ್ವೀಡನ್ ಜರ್ಮನಿಗೂ ಸೇಂಟ್ ಪೀಟರ್ಸ್‌ಬರ್ಗ್ ಇಂಗ್ಲೆಂಡಿಗೂ ಹೋದವು. ಆರು ಕೇಂದ್ರಗಳ ತುರ್ಕಿಗೆ ಒಂದು ಪೆಟ್ಟೂ ಬೀಳಲಿಲ್ಲ.

ಆ 1904 ನನಗೆ ಬಹಳ ಬೇಸರದ ವರ್ಷ. ಒಂದೂ ಹೊಸ ಕೇಂದ್ರವಿಲ್ಲ, ದಿನಕ್ಕೆ ಹತ್ತು ಸಂದೇಶ. ಇಂಗ್ಲೆಂಡ್, ಜರ್ಮನಿ ಇಬ್ಬರೂ "ಈಗಲೇ ರಷ್ಯಾದ ಬೆನ್ನಿಗೆ ಹಾಕಿ" ಎಂದು ಒತ್ತಾಯಿಸುತ್ತಿದ್ದರು. ಮಿತ್ರನಿಗೆ ಎದುರಾಗುವುದಿದ್ದರೆ ಒಂದೇ ಏಟಿಗೆ ಕನಿಷ್ಠ ಎರಡು ಕೇಂದ್ರ ಸಿಗಬೇಕು, ಮತ್ತು ಮರುಸರದಿಯಲ್ಲಿ ಅವನಿಗೆ ತಿರುಗಿ ಹೊಡೆಯುವ ಶಕ್ತಿ ಉಳಿದಿರಬಾರದು ಎಂಬುದು ಹಳೆಯ ಆಟಗಾರರ ರೂಢಿಯ ಮಾತು. ಅದಕ್ಕೆ ನಾನು ಸೇರಿಸುವುದು ಕಾಲದ ವಿಷಯ. ಕೇಂದ್ರದ ಒಡೆತನ ಬದಲಾಗುವುದು ಶರತ್ಕಾಲದ ಸರದಿ ಮುಗಿದ ಮೇಲೆ ಮಾತ್ರ. ವಸಂತದಲ್ಲಿ ತಿರುಗಿಬಿದ್ದರೆ ಎದುರಾಳಿಗೆ ಸರಿಪಡಿಸಿಕೊಳ್ಳಲು ಒಂದು ಸರದಿ ಸಿಗುತ್ತದೆ. ಶರತ್ಕಾಲದಲ್ಲಿ ತಿರುಗಿಬಿದ್ದರೆ ಅವನ ಪಡೆ ಕಡಿಮೆಯಾಗುವ ಹೊತ್ತಿಗೆ ನಮ್ಮ ಹೊಸ ಪಡೆ ಹುಟ್ಟಿರುತ್ತದೆ.

1905ರ ವಸಂತದಲ್ಲಿ ಅವಕಾಶ ತಾನಾಗಿ ಬಂತು. ಉತ್ತರದಲ್ಲಿ ಸೋಲುತ್ತಿದ್ದ ರಷ್ಯಾ, ಕಪ್ಪು ಸಮುದ್ರದ ಮೂಲಕ ಒಂದು ತುರ್ಕಿ ಸೇನೆಯನ್ನು ಸೆವಾಸ್ಟೊಪೋಲ್‌ಗೆ ಸಾಗಿಸಿ ಮಾಸ್ಕೋ ರಕ್ಷಣೆಗೆ ನೆರವಾಗು ಎಂದು ಕೇಳಿದ. ಸಾಗಿಸಿದೆ. ಶರತ್ಕಾಲದಲ್ಲಿ ಆ ಸೇನೆ ಉಕ್ರೇನಿಗೆ ಮುಂದುವರಿಯಬೇಕಿತ್ತು. ಅದು ಇದ್ದಲ್ಲೇ ನಿಂತಿತು, ಸೆವಾಸ್ಟೊಪೋಲ್ ನನ್ನದಾಯಿತು. ಅದೇ ಸರದಿಯಲ್ಲಿ ಸರ್ಬಿಯಾ ಮತ್ತು ಕಪ್ಪು ಸಮುದ್ರದ ಬೆಂಬಲದಿಂದ ಬಲ್ಗೇರಿಯಾದ ಸೇನೆ ರುಮೇನಿಯಾಕ್ಕೆ ನುಗ್ಗಿತು. ರುಮೇನಿಯಾದಲ್ಲಿದ್ದ ರಷ್ಯಾದ ನೌಕಾಪಡೆಗೆ ಹಿಂದೆ ಸರಿಯಲು ಸಮುದ್ರದಲ್ಲೂ ಜಾಗವಿಲ್ಲ, ಸೆವಾಸ್ಟೊಪೋಲ್‌ನಲ್ಲೂ ಜಾಗವಿಲ್ಲ, ದಾಳಿ ಬಂದ ಬಲ್ಗೇರಿಯಾಕ್ಕೆ ಹೋಗುವಂತಿಲ್ಲ. ಅದು ನಕ್ಷೆಯಿಂದಲೇ ಅಳಿದುಹೋಯಿತು. ನಾನು ಎಂಟು, ಅವನು ನಾಲ್ಕು.

ಫಲಿತಾಂಶ ಬಂದಾಗ ಡಬ್ಲಿನ್‌ನಲ್ಲಿ ಸಂಜೆ ನಾಲ್ಕೂವರೆ, ಅವನು ಆಫೀಸಿನಲ್ಲಿದ್ದ. ಬಂದದ್ದು ಒಂದೇ ಸಾಲು: "ಸರಿ ಮಾರಾಯ." ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಇದು ಆಟ, ಇದರ ನಿಯಮವೇ ಹೀಗೆ ಎಂಬುದು ಇಬ್ಬರಿಗೂ ಗೊತ್ತಿದ್ದ ವಿಷಯ. ಆದರೂ ಇಪ್ಪತ್ತು ವರ್ಷ ಹಳೆಯ ಗೆಳೆಯನಿಗೆ ಸುಳ್ಳು ಬರೆದು ಒಂಬತ್ತು ಗಂಟೆಗಾಗಿ ಕಾಯುವ ಆ ಅರ್ಧ ದಿನ ಹೊಟ್ಟೆಯಲ್ಲಿ ಸಂಕಟವಿರುತ್ತದೆ. ಇದನ್ನು ತಾಳಲಾಗದು ಎನ್ನುವವರು ಆಪ್ತ ಗೆಳೆಯರ ಜೊತೆ ಈ ಆಟಕ್ಕೆ ಕೂರದಿರುವುದು ಒಳ್ಳೆಯದು; ಅಪರಿಚಿತರ ಜೊತೆ, ಹೆಸರು ಮರೆಮಾಡುವ ಆಟಗಳಲ್ಲಿ ಆಡಬಹುದು.

ನಾನು ನಿರೀಕ್ಷಿಸದ ಅಡ್ಡಿ ಮರುದಿನ ಎದುರಾಯಿತು. ಉಕ್ರೇನಿಗೆ ಹೋಗುತ್ತೇನೆಂದು ನಾನು ಬರೆದಿದ್ದ ಸಂದೇಶವನ್ನು ರಷ್ಯಾ ಯಥಾವತ್ತಾಗಿ ಎಲ್ಲರಿಗೂ ಕಳಿಸಿದ್ದ. ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಇಟಲಿಯ ಮೇಡಂ ಬಹಳ ವಿನಯದಿಂದ, "ನನಗೆ ನೀವು ಬರೆದದ್ದರಲ್ಲಿ ಯಾವುದನ್ನು ನಂಬಲಿ?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಡಲು ನನ್ನ ಬಳಿ ಒಂದು ದಾಖಲೆಯಿತ್ತು. ಮೊದಲ ಸರದಿಯಿಂದಲೂ ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ದೇಶಕ್ಕೆ ಒಂದು ಪುಟ ಮಾಡಿ, ನಾನು ಏನು ಮಾತು ಕೊಟ್ಟೆ, ಏನು ಮಾಡಿದೆ, ಅವರು ಏನು ಹೇಳಿದರು, ಏನು ಮಾಡಿದರು ಎಂದು ನಾಲ್ಕು ಕಲಂಗಳಲ್ಲಿ ಬರೆಯುತ್ತಿದ್ದೆ. ಅವರ ಪುಟ ತೆರೆದು ನೋಡಿದರೆ ಇಟಲಿಗೆ ಕೊಟ್ಟ ಒಂದು ಮಾತೂ ಅಲ್ಲಿಯವರೆಗೆ ತಪ್ಪಿರಲಿಲ್ಲ. ಅದನ್ನೇ ಸಾಲು ಸಾಲಾಗಿ ಬರೆದು ಕಳಿಸಿದೆ. ಅವರು ಪೂರ್ತಿ ನಂಬಿದರೆಂದು ಹೇಳಲಾರೆ, ಆದರೆ ನನ್ನ ಜೊತೆ ಕೆಲಸ ಮಾಡಲು ಒಪ್ಪಿದರು. ಈ ಪುಸ್ತಕ ಇಡುವುದನ್ನು ಮಾತ್ರ ಯಾರೂ ಬಿಡಬೇಡಿ. ಮೂರನೆಯ ವರ್ಷದ ಹೊತ್ತಿಗೆ ಯಾರಿಗೆ ಏನು ಹೇಳಿದೆವೆಂಬುದು ನೆನಪಿನಿಂದ ಜಾರಿರುತ್ತದೆ, ತಾಣದ ಸಂದೇಶಪೆಟ್ಟಿಗೆಯಲ್ಲಿ ಹುಡುಕುತ್ತ ಕೂತರೆ ಗಡುವು ಮೀರುತ್ತದೆ.

ಈ ಆಟದಲ್ಲಿ ಗೆಲ್ಲುವವರು ಸದಾ ಸುಳ್ಳು ಹೇಳುವವರು ಎಂಬ ಭಾವನೆ ಹೊರಗಿನವರಲ್ಲಿದೆ. 2022ರ ನವೆಂಬರ್‌ನಲ್ಲಿ ಮೆಟಾ ಸಂಸ್ಥೆ ಪ್ರಕಟಿಸಿದ ಸಿಸೆರೊ ಎಂಬ ಕೃತಕ ಬುದ್ಧಿಮತ್ತೆಯ ಕಾರ್ಯಕ್ರಮ ವೆಬ್‌ಡಿಪ್ಲೊಮಸಿಯಲ್ಲಿ ಮನುಷ್ಯರ ನಡುವೆ 40 ಆಟಗಳನ್ನಾಡಿ, ಒಂದಕ್ಕಿಂತ ಹೆಚ್ಚು ಆಟ ಆಡಿದವರ ಪೈಕಿ ಮೊದಲ ಶೇಕಡಾ 10ರೊಳಗೆ ಬಂದಿತ್ತು. ಅದರ ಮಾತು ಅದರ ನಿಜವಾದ ಯೋಜನೆಗೆ ಹೊಂದುವಂತಿರಬೇಕೆಂಬ ಉದ್ದೇಶದಿಂದಲೇ ಅದನ್ನು ರೂಪಿಸಲಾಗಿತ್ತು. ನನ್ನ ಅನುಭವವೂ ಅಂಥದ್ದೇ. ಆ ಇಡೀ ಆಟದಲ್ಲಿ ನಾನು ಬರೆದ ನೂರಾರು ಸಂದೇಶಗಳಲ್ಲಿ ಅಪ್ಪಟ ಸುಳ್ಳುಗಳು ಬೆರಳೆಣಿಕೆಯಷ್ಟು. ಉಳಿದವು ನಿಜವಾಗಿದ್ದರಿಂದಲೇ ಆ ಕೆಲವು ನಡೆದವು.

ಆ ಹೊತ್ತಿಗೆ ಪಶ್ಚಿಮದಲ್ಲಿ ನನಗೆ ಬೇಕಾದದ್ದು ನಡೆದಿತ್ತು. ಉತ್ತರದಲ್ಲಿ ಮುಳುಗಿದ್ದ ಇಂಗ್ಲೆಂಡಿನ ಮೇಲೆ ಫ್ರಾನ್ಸ್ ಎರಗಿ ಬೆಲ್ಜಿಯಂ, ಲಂಡನ್, ಲಿವರ್‌ಪೂಲ್ ಕಿತ್ತುಕೊಂಡಿದ್ದರು. 1905 ಮುಗಿದಾಗ ಫ್ರಾನ್ಸ್ ಎಂಟು, ನಾನೂ ಎಂಟು. 1906ರಲ್ಲಿ ಇಂಗ್ಲೆಂಡ್ ಆಡುತ್ತಿದ್ದವರು ಆಫೀಸಿನ ಪ್ರಯಾಣದ ನಡುವೆ ಒಂದು ಗಡುವು ತಪ್ಪಿಸಿಕೊಂಡರು. ಆದೇಶ ಬರದಿದ್ದರೆ ಪಡೆಗಳು ಸುಮ್ಮನೆ ನಿಲ್ಲುತ್ತವೆ, ಅಷ್ಟರಲ್ಲೇ ಎಡಿನ್‌ಬರೊ ಕೂಡ ಹೋಯಿತು. ವಿರಾಮ ಕೇಳುವುದು ಹೇಗೆ, ಎಷ್ಟು ಜನ ಒಪ್ಪಬೇಕು ಎಂಬುದನ್ನು ಆಟ ಶುರುವಾಗುವ ಮೊದಲೇ ತೀರ್ಮಾನಿಸಿಕೊಳ್ಳಿ. ನಡುವೆ ಕೇಳಿದರೆ ಲಾಭದಲ್ಲಿರುವವರು ಒಪ್ಪುವುದಿಲ್ಲ.

ಇತ್ತ ರಷ್ಯಾ ಉಳಿದ ಪಡೆಗಳಿಂದ ಹಲ್ಲು ಕಚ್ಚಿ ಹೋರಾಡಿದ. ನನಗೆ 1906ರಲ್ಲಿ ಬುಡಾಪೆಸ್ಟ್, 1907ರಲ್ಲಿ ವಿಯೆನ್ನಾ, 1908ರಲ್ಲಿ ಮಾಸ್ಕೋ, ಹೀಗೆ ವರ್ಷಕ್ಕೆ ಒಂದೇ ಒಂದು ಸಿಕ್ಕಿತು. ಈ ನಿಧಾನ ನನ್ನನ್ನು ಕಾಪಾಡಿತು ಎಂದೇ ಹೇಳಬೇಕು. ಫ್ರಾನ್ಸ್ ಪ್ರತಿ ವರ್ಷವೂ ನನಗೆ ಸಮನಾಗಿ ಅಥವಾ ಒಂದು ಹೆಜ್ಜೆ ಮುಂದೆ ಇದ್ದರು. 1908ರಲ್ಲಿ ಜರ್ಮನಿಯಿಂದ ಕೀಲ್, ಇಟಲಿಯಿಂದ ಟ್ಯೂನಿಸ್ ಪಡೆದು 12 ತಲುಪಿದರು. ನನ್ನದು 11, ಜರ್ಮನಿ ಆರು, ಇಟಲಿ ನಾಲ್ಕು, ರಷ್ಯಾ ವಾರ್ಸಾ ಒಂದೇ. ಆ ವರ್ಷ ನಾನು ಮಾಸ್ಕೋ ಜೊತೆಗೆ ವಾರ್ಸಾವನ್ನೂ ಟ್ರಿಯೆಸ್ಟನ್ನೂ ಪಡೆಯಬಹುದಿತ್ತು. ಪಡೆದಿದ್ದರೆ 13 ಆಗಿ ಪಟ್ಟಿಯ ತುದಿಗೆ ಏರುತ್ತಿದ್ದೆ. ಮರುದಿನವೇ ಫ್ರಾನ್ಸ್, ಜರ್ಮನಿ, ಇಟಲಿ ಒಂದಾಗಿ ಗೆರೆಯ ಮೇಲೆ ಸೇನೆ ನಿಲ್ಲಿಸುತ್ತಿದ್ದರು. ಅದರ ಬದಲು, 12 ಕೇಂದ್ರಗಳ ಫ್ರಾನ್ಸಿಗೆ ಹೆದರಿದ ಜರ್ಮನಿ ಮ್ಯೂನಿಕ್ ಉಳಿಸಿಕೊಳ್ಳಲು ಬೊಹೀಮಿಯಾ ಮತ್ತು ಟೈರೋಲಿಯಾಕ್ಕೆ ನನ್ನ ಸೇನೆಗಳನ್ನು ತಾವೇ ಕರೆದರು. ಟ್ಯೂನಿಸ್ ಕಳೆದುಕೊಂಡ ಇಟಲಿ ನನ್ನ ನೌಕಾಪಡೆಗಳಿಗೆ ಟಿರೇನಿಯನ್ ಸಮುದ್ರದ ದಾರಿ ಬಿಟ್ಟುಕೊಟ್ಟರು. ಬಲದಿಂದ ಎರಡು ವರ್ಷ ಹೋರಾಡಿದರೂ ಸಿಗದಿದ್ದ ಜಾಗಗಳಿಗೆ ಆಹ್ವಾನದ ಮೇಲೆ ಹೋದೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಆದರೆ ಮೂರನೆಯವನು ಆ ಲಾಭವನ್ನು ಆಗಲೇ ಎಣಿಸಿ ತೋರಿಸಬಾರದು.

ಇನ್ನೊಂದು ಲೆಕ್ಕವೂ ಇಲ್ಲಿ ಮುಖ್ಯ. ಹೊಸ ಪಡೆ ಹುಟ್ಟುವುದು ಖಾಲಿಯಿರುವ ಸ್ವಂತ ಕೇಂದ್ರಗಳಲ್ಲಿ ಮಾತ್ರ. ತುರ್ಕಿಗೆ ಅಂಥವು ಮೂರೇ. ಒಂದು ವರ್ಷದಲ್ಲಿ ನಾಲ್ಕು ಕೇಂದ್ರ ಗೆದ್ದರೂ ಮೂರೇ ಪಡೆ ಸಿಗುತ್ತವೆ, ಅವು ಸ್ಮಿರ್ನಾ ಅಥವಾ ಅಂಕಾರಾದಿಂದ ಮ್ಯೂನಿಕ್ ತಲುಪುವುದರೊಳಗೆ ಆಟ ಎತ್ತಲೋ ಸಾಗಿರುತ್ತದೆ. ಆದ್ದರಿಂದ ಕೊನೆಯ ಜಿಗಿತಕ್ಕೆ ಬೇಕಾದ ಪಡೆಗಳೆಲ್ಲ ಜಿಗಿಯುವ ಮೊದಲೇ ಮುಂಚೂಣಿಯಲ್ಲಿ ಇರಬೇಕು. ನಾನು 1909ರ ವಸಂತವಿಡೀ ಇದನ್ನೇ ಮಾಡಿದೆ. ಒಂದೂ ದಾಳಿ ಇಲ್ಲದೆ ಪಡೆಗಳನ್ನು ಪಶ್ಚಿಮಕ್ಕೆ ಸರಿಸಿದೆ.

ಶರತ್ಕಾಲದ ಆದೇಶ ಬರೆದಿಟ್ಟ ಮೇಲೆ ಗೌರಿ-ಗಣೇಶ ಹಬ್ಬಕ್ಕೆಂದು ಆಟಕ್ಕೆ ಕೆಲವು ದಿನ ವಿರಾಮ ಸಿಕ್ಕಿತು. ಎಲ್ಲರಿಗೂ ಬಿಡುವು, ನನಗೆ ಮಾತ್ರ ಶಿಕ್ಷೆ. ಬಿಡುವಿದ್ದಾಗ ಜನ ನಕ್ಷೆ ನೋಡುತ್ತಾರೆ. ಕಡುಬು ತಿನ್ನುತ್ತ ಕುಳಿತಿದ್ದಾಗ ಇಟಲಿಯ ಸಂದೇಶ ಬಂತು: "ನಿಮ್ಮ ನೌಕಾಪಡೆ ಅಯೋನಿಯನ್‌ನಲ್ಲಿ ಇನ್ನೂ ಯಾಕಿದೆ? ಟ್ಯೂನಿಸ್ ಕಡೆಗೆ ಹೋಗಬಹುದಲ್ಲ." ಉತ್ತರಕ್ಕೆ ಅವಸರ ಮಾಡಲಿಲ್ಲ, ಮರುದಿನ, ಟ್ಯೂನಿಸ್ ದಾಳಿಗೆ ಟಿರೇನಿಯನ್, ಅಯೋನಿಯನ್ ಎರಡೂ ಸಮುದ್ರಗಳಿಂದ ಬಲ ಬೇಕಾಗುತ್ತದೆ ಎಂಬ ನಿಜವನ್ನೇ ಬರೆದೆ. ವಿರಾಮದ ಕಾಲದಲ್ಲಿ ಅತಿಯಾಗಿ ಮೌನವಾಗಿರುವುದೂ ಅತಿಯಾಗಿ ವಿವರಿಸುವುದೂ ಎರಡೂ ಅನುಮಾನಕ್ಕೆ ದಾರಿ. ಯಾವ ಮಾತಿಗೆ ಎಷ್ಟು ಹೊತ್ತಿನಲ್ಲಿ ಉತ್ತರಿಸುವ ರೂಢಿ ಇತ್ತೋ ಅಷ್ಟೇ ಹೊತ್ತು ತೆಗೆದುಕೊಳ್ಳಿ.

ಆ ಸರದಿ ತೆರೆದಾಗ ನಾಲ್ಕು ಕೇಂದ್ರಗಳು ಒಟ್ಟಿಗೆ ಬಿದ್ದವು: ವಾರ್ಸಾ, ಟ್ರಿಯೆಸ್ಟ್, ನೇಪಲ್ಸ್, ಮತ್ತು ಟೈರೋಲಿಯಾದ ಬೆಂಬಲದಿಂದ ಮ್ಯೂನಿಕ್. ಜರ್ಮನಿಯ ಮ್ಯೂನಿಕ್ ಸೇನೆ ಆ ಸರದಿಯಲ್ಲಿ ಕೀಲ್ ಮರಳಿ ಪಡೆಯಲು ಹೊರಟು ವಿಫಲವಾಗಿತ್ತು, ಅದರ ಹಿಂದೆ ಕಾವಲಿರಬೇಕಾಗಿದ್ದವನು ನಾನು. 11ರಿಂದ 15. ಈಗ ಅಡಗಿಸಿಡಲು ಏನೂ ಉಳಿಯಲಿಲ್ಲ. ಅಡಗಿಸುವ ಅಗತ್ಯವೂ ಇರಲಿಲ್ಲ, ಯಾಕೆಂದರೆ ಮ್ಯೂನಿಕ್ ಗೆರೆಯ ಆಚೆಗಿತ್ತು. ರಷ್ಯಾದ ಗೆಳೆಯ ಹೊರಬಿದ್ದ. ಒಂದು ಗಂಟೆಯೊಳಗೆ ಫ್ರಾನ್ಸ್ ಮತ್ತು ಜರ್ಮನಿ ಸಂಧಿ ಮಾಡಿಕೊಂಡರು. ಇಟಲಿ ನನಗೆ ಮತ್ತೆ ಆಟ ಮುಗಿಯುವವರೆಗೆ ಒಂದಕ್ಷರವನ್ನೂ ಬರೆಯಲಿಲ್ಲ.

ಮ್ಯೂನಿಕ್ ಉಳಿಸಿಕೊಳ್ಳುವ ಲೆಕ್ಕವನ್ನು ವಿವರವಾಗಿಯೇ ಹೇಳುತ್ತೇನೆ, ಪೂರ್ವದಿಂದ ಆಡುವವರಿಗೆಲ್ಲ ಅದು ಬೇಕಾದೀತು. ಪಶ್ಚಿಮದವರು ಮ್ಯೂನಿಕ್ ಮೇಲೆ ಬರ್ಗಂಡಿ, ರೂರ್, ಕೀಲ್, ಬರ್ಲಿನ್ ಎಂಬ ನಾಲ್ಕು ಕಡೆಯಿಂದ ಬರಬಹುದು, ಅಂದರೆ ಬಲ ನಾಲ್ಕು. ಒಳಗಿನ ಸೇನೆಗೆ ಬೊಹೀಮಿಯಾ, ಟೈರೋಲಿಯಾ, ಸೈಲೀಷಿಯಾಗಳ ಬೆಂಬಲವಿದ್ದರೆ ರಕ್ಷಣೆಯ ಬಲವೂ ನಾಲ್ಕು. ಸಮವಾದರೆ ಒಳಗಿದ್ದವರು ಉಳಿಯುತ್ತಾರೆ. ಆದರೆ ಬೆಂಬಲ ಕೊಡುತ್ತಿರುವ ಸೇನೆಯ ಮೇಲೆ ಬೇರೆ ಕಡೆಯಿಂದ ದಾಳಿ ಬಂದರೆ ಆ ಬೆಂಬಲ ಕಡಿದುಹೋಗುತ್ತದೆ. ಸೈಲೀಷಿಯಾವನ್ನು ಪ್ರಷ್ಯಾದಿಂದ, ಟೈರೋಲಿಯಾವನ್ನು ಪೀಡ್‌ಮಾಂಟ್‌ನಿಂದ ಕಡಿಯಬಹುದು. ಆದ್ದರಿಂದ ಮ್ಯೂನಿಕ್‌ನಷ್ಟೇ ಈ ಎರಡು ಜಾಗಗಳೂ ಮುಖ್ಯ, ಅವುಗಳಲ್ಲಿ ಯಾವ ಕೇಂದ್ರವೂ ಇಲ್ಲದಿದ್ದರೂ. 1910ರಲ್ಲಿ ನಾನು ವೆನಿಸ್, ರೋಮ್ ಪಡೆದು 17ಕ್ಕೆ ಬಂದೆ, ವಾರ್ಸಾದ ಸೇನೆಯನ್ನು ಪ್ರಷ್ಯಾಕ್ಕೆ ದಾಟಿಸಿದೆ. 1911ರ ವಸಂತದಲ್ಲಿ ವೆನಿಸ್‌ನಿಂದ ಪೀಡ್‌ಮಾಂಟ್ ಸೇರಿದೆ. ಇನ್ನು ಬೇಕಾದದ್ದು ಒಂದು.

ಅದು ಟ್ಯೂನಿಸ್ ಆಗಲು ಸಾಧ್ಯವಿರಲಿಲ್ಲ. ಫ್ರಾನ್ಸ್ ಅಲ್ಲಿ ಮೂರು ಪಡೆ ನಿಲ್ಲಿಸಿದ್ದರು, ನನ್ನವು ಎರಡು. ಉಳಿದದ್ದು ಸೇಂಟ್ ಪೀಟರ್ಸ್‌ಬರ್ಗ್ ಅಥವಾ ಬರ್ಲಿನ್. 1911ರ ವಸಂತದಲ್ಲಿ ಮಾಸ್ಕೋದಿಂದ, ಲಿವೋನಿಯಾದ ಬೆಂಬಲದೊಂದಿಗೆ, ಸೇಂಟ್ ಪೀಟರ್ಸ್‌ಬರ್ಗ್ ಮೇಲೆ ದಾಳಿ ಮಾಡಿದೆ. ನಾರ್ವೆಯ ಬೆಂಬಲದಿಂದ ಅದು ಉಳಿಯುತ್ತದೆಂದು ನನಗೆ ಗೊತ್ತಿತ್ತು. ಜರ್ಮನಿಗೆ ಅಲ್ಲಿ ಭಯ ಹುಟ್ಟಬೇಕಾಗಿತ್ತು, ಅಷ್ಟೇ.

ಶರತ್ಕಾಲದ ಗಡುವಿಗೆ ಮುಂಚಿನ ಎರಡು ದಿನ ನಾನು ಯಾರಿಗೂ ಬರೆಯಲಿಲ್ಲ, ನನಗೂ ಯಾರೂ ಬರೆಯಲಿಲ್ಲ. ಬರೆಯಲು ಯಾರ ಬಳಿಯೂ ಏನೂ ಉಳಿದಿರಲಿಲ್ಲ. ಆದೇಶಗಳನ್ನು ಒಂದು ಹಾಳೆಯಲ್ಲಿ ಬರೆದು, ಎದುರಾಳಿಗಳ ಆದೇಶಗಳನ್ನೂ ನಾನೇ ಊಹಿಸಿ ಪಕ್ಕದಲ್ಲಿ ಬರೆದು, ಪ್ರತಿ ಜೋಡಿಯ ಫಲಿತಾಂಶ ತಾಳೆ ನೋಡಿದೆ. ಪ್ರಷ್ಯಾದಿಂದ ಬರ್ಲಿನ್ ಮೇಲೆ ದಾಳಿ, ಸೈಲೀಷಿಯಾ ಮತ್ತು ಮ್ಯೂನಿಕ್‌ನ ಬೆಂಬಲ. ಬರ್ಲಿನ್ ಸೇನೆ ಮ್ಯೂನಿಕ್ ದಾಳಿಗೆ ಕೈಜೋಡಿಸಿದರೆ ನನ್ನ ಈ ದಾಳಿಯೇ ಆ ಬೆಂಬಲವನ್ನು ಕಡಿಯುತ್ತದೆ. ಆಗ ಮ್ಯೂನಿಕ್ ಮೇಲೆ ಅವರ ಬಲ ಮೂರು, ಒಳಗಿನ ಸೇನೆ, ಬೊಹೀಮಿಯಾ, ಟೈರೋಲಿಯಾ ಸೇರಿ ನನ್ನದೂ ಮೂರು. ಇದು ಕೆಡುವುದು ಮುಖ್ಯವಾಗಿ ಒಂದು ಸಂದರ್ಭದಲ್ಲಿ: ಬರ್ಲಿನ್ ಕದಲದೆ ನಿಂತು, ಕೀಲ್ ಅಥವಾ ಬಾಲ್ಟಿಕ್ ಅದಕ್ಕೆ ಬೆಂಬಲ ಕೊಟ್ಟರೆ.

ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಪುಟ ತೆರೆದುಕೊಂಡಿತು. ಬರ್ಗಂಡಿ, ರೂರ್, ಕೀಲ್ ಮೂರೂ ಮ್ಯೂನಿಕ್ ಮೇಲೆ. ಬರ್ಲಿನ್ ಅವರ ಬೆಂಬಲಕ್ಕೆ. ಬಾಲ್ಟಿಕ್‌ನ ನೌಕಾಪಡೆ ಸೇಂಟ್ ಪೀಟರ್ಸ್‌ಬರ್ಗ್ ಉಳಿಸಲೆಂದು ಲಿವೋನಿಯಾಕ್ಕೆ ಬಡಿದಿತ್ತು. ಬರ್ಲಿನ್ ನನ್ನದಾಗಿತ್ತು, ಮ್ಯೂನಿಕ್ ಉಳಿದಿತ್ತು, ಎಣಿಕೆ 18 ಎಂದಿತ್ತು. ನಾನು ಅದನ್ನು ನಂಬದೆ ನಕ್ಷೆಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ಎಣಿಸಿದೆ.

ಡಬ್ಲಿನ್‌ನ ಗೆಳೆಯ ಹೊರಬಿದ್ದ ಮೇಲೂ ಆಟವನ್ನು ನೋಡುತ್ತಿದ್ದನಂತೆ; ಫೋನ್ ಮಾಡಿ ಮೊದಲ ಮಾತಿಗೇ "ಸೆವಾಸ್ಟೊಪೋಲ್‌ಗೆ ಕರೆದದ್ದು ನಾನೇ ಅಲ್ವಾ" ಎಂದು ನಕ್ಕ. ಇಟಲಿಯ ಮೇಡಂ ಅಭಿನಂದನೆ ಬರೆದು, ಮುಂದಿನ ಆಟದಲ್ಲಿ ನನ್ನ ನೆರೆಯ ದೇಶ ಬಂದರೆ ಚೀಟಿ ಬದಲಿಸಿಕೊಳ್ಳುವುದಾಗಿ ಸೇರಿಸಿದರು. ಆಟ ಮುಗಿದ ಮೇಲೆ ಹೀಗೆ ಎಲ್ಲರೂ ಕುಳಿತು ತಮ್ಮ ತಮ್ಮ ಯೋಜನೆ ಹೇಳಿಕೊಳ್ಳುವ ಒಂದು ಸಂಜೆಯನ್ನು ಖಂಡಿತ ಇಟ್ಟುಕೊಳ್ಳಿ. ಉಳಿದ ಕಹಿ ಅಲ್ಲಿ ಕರಗುತ್ತದೆ.

ಫ್ರಾನ್ಸ್ ಜೊತೆಗಿನ ವಾದ ಮಾತ್ರ ಇನ್ನೂ ಮುಗಿದಿಲ್ಲ. 1908ರಲ್ಲಿ ಅವರು ಟ್ಯೂನಿಸ್ ಬಿಟ್ಟು 11ರಲ್ಲೇ ನಿಂತಿದ್ದರೆ ಇಟಲಿ ನನ್ನನ್ನು ಟಿರೇನಿಯನ್‌ಗೆ ಕರೆಯುತ್ತಿರಲಿಲ್ಲ, ಪಟ್ಟಿಯ ತುದಿಯಲ್ಲಿ ಇಬ್ಬರ ಹೆಸರೂ ಇರುತ್ತಿತ್ತು ಎಂಬುದು ನನ್ನ ನಿಲುವು. ಟ್ಯೂನಿಸ್ ಅವರ ಕೈಯಲ್ಲಿ ಇಲ್ಲದಿದ್ದರೆ ನಾನು ಅದನ್ನು ಇಟಲಿಯಿಂದ ಯಾವಾಗ ಬೇಕಾದರೂ ಕಿತ್ತುಕೊಂಡು, ಬರ್ಲಿನ್‌ನ ಗೊಡವೆಯೇ ಇಲ್ಲದೆ 1910ರಲ್ಲೇ ಮುಗಿಸುತ್ತಿದ್ದೆ ಎಂಬುದು ಅವರದು. ಅವರ ಲೆಕ್ಕವನ್ನು ಹಾಳೆಯ ಮೇಲೆ ಹಾಕಿ ನೋಡಿದ್ದೇನೆ. ಮ್ಯೂನಿಕ್ ಉಳಿದಿದ್ದ ಪಕ್ಷದಲ್ಲಿ ಅದು ಸರಿಯೇ ಬರುತ್ತದೆ. ಆದರೆ ಫ್ರಾನ್ಸಿಗೆ ಹೆದರದ ಜರ್ಮನಿ ನನ್ನನ್ನು ಬೊಹೀಮಿಯಾಕ್ಕೆ ಬಿಟ್ಟುಕೊಳ್ಳುತ್ತಿದ್ದರೇ ಎಂದು ಕೇಳಿದ್ದಕ್ಕೆ ನ್ಯೂಜೆರ್ಸಿಯಿಂದ ಇನ್ನೂ ಉತ್ತರ ಬಂದಿಲ್ಲ.